ಕಾಗೆಗಳ ಕೊಂಬೆಯಲ್ಲಿ ಕುಹೂ

ಭಗವಂತ ಬೆಳೆಸಿದ ಆಲದ ಮರವೊಂದಕ್ಕೆ ಯಜಮಾನನನ್ನು ಆರಿಸಬೇಕಾಗಿತ್ತು. ಮತ ಹಾಕುವವರಲ್ಲಿ ಯಾವ ಕುಲದ ಹಕ್ಕಿಗಳು ಎಷ್ಟೆಂದು ತಿಳಿಯಲು ಹಿರಿಕಾಗೆ, "ಕುಲಕ್ಕೊಂದು ಕೊಂಬೆಯಂತೆ ಕೂತುಕೊಳ್ಳಿ" ಎಂದು ಸಾರಿದ.

ತಾಯಿಕಾಗೆ ಆಗಷ್ಟೇ ರೆಕ್ಕೆ ಬಲಿತ ಮಗನೊಡನೆ ಕಾಗೆಗಳ ಕೊಂಬೆಗೆ ಬಂದಳು. ಮಗ ಸಂತೋಷಕ್ಕೆ ಬಾಯಿಬಿಟ್ಟು "ಕುಹೂ" ಎಂದ.

"ಇವನು ಕೋಗಿಲೆ, ತಂಗೀ! ಆಚೆ ಕೊಂಬೆಗೆ ಕಳಿಸು," ಎಂದ ಹಿರಿಕಾಗೆ. ಮಗ ತಾಯಿಯ ರೆಕ್ಕೆಯಡಿ ತೂರಿಕೊಂಡ.

ತಾಯಿ ರೆಕ್ಕೆಯನ್ನು ಇನ್ನಷ್ಟು ಹರಡಿ ಅವನನ್ನು ಮುಚ್ಚಿಕೊಂಡಳು. "ಅಣ್ಣಾ, ಕಾವು ಕೊಡುವಾಗ ದೇವರು ನನಗೆ ಕುಲ ಹೇಳಲಿಲ್ಲ. ಇವನು ಕೂತ ಕೊಂಬೆಯಲ್ಲೇ ನನ್ನನ್ನೂ ಎಣಿಸು," ಎಂದಳು.

ಹಿರಿಕಾಗೆ ಗದರುವಷ್ಟರಲ್ಲಿ ಅವನ ಗೂಡಿನಿಂದಲೇ, "ಅಪ್ಪಾ, ಹಸಿವು! ಕುಹೂ!" ಎಂಬ ಕೂಗು ಬಂತು.

ಮರವೆಲ್ಲ ನಕ್ಕಿತು. ಹಿರಿಕಾಗೆ ಕೊಕ್ಕು ಉಜ್ಜಿಕೊಂಡು, "ಆಯ್ತು, ಮನೆಯವರ ಪಕ್ಕದಲ್ಲೇ ಕೂತು ಮತ ಹಾಕಿ. ಕುಲದ ಎಣಿಕೆ ದೇವರಿಗಿರಲಿ," ಎಂದ.