ರಾಜಕುಮಾರಿಯ ಖಾಲಿ ಡ್ರೈವ್

“ಕೇಳ್ರಪ್ಪೋ ಕೇಳಿ! ರಾಜಕುಮಾರಿ ತಿಲೋತ್ತಮೆಯ ಮೂರು ಒಗಟು ಬಿಡಿಸಿದವನಿಗೆ ಅವಳೊಡನೆ ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ಹುಣ್ಣಿಮೆಯ ದಿನ ಶೂಲ!”

ಡಂಗುರ ಕೇಳಿದ ದುಗ್ಗ ಸುಣ್ಣದ ಬಕೆಟ್ಟು ಕೆಳಗಿಟ್ಟ. ಗೋಡೆಗೆ ಸುಣ್ಣ ಬಳಿಯುವುದು ಅವನ ಹೊಟ್ಟೆಪಾಡು. ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಳಿದಾಗ ಕೂಲಿಗೆ ಬದಲು ಆ ವಿದ್ಯೆಯನ್ನೂ ಒಂದಿಷ್ಟು ಕಲಿತಿದ್ದ.

ಒಗಟು ಹುಟ್ಟಿದ ಕತೆ ಊರಿಗೆಲ್ಲ ಗೊತ್ತು. ತೀರಿಹೋದ ರಾಣಿಯ ಜೋಗುಳಗಳನ್ನು ತುಂಬಿಟ್ಟಿದ್ದ ಕಂಪ್ಯೂಟರ್ ಡ್ರೈವನ್ನು ರಾಜ ವೀರಕಂಠ ತನ್ನ ಬೇಟೆಯ ವೀಡಿಯೋ ತುಂಬಲೆಂದು ಫಾರ್ಮ್ಯಾಟ್ ಮಾಡಿಸಿ ಒರೆಸಿಬಿಟ್ಟಿದ್ದ. ಹಿಂದುಮುಂದು ನೋಡದ ದೊರೆ! ಮಗಳು ಅದನ್ನು ಕಿತ್ತುಕೊಂಡು, ಹುಣ್ಣಿಮೆಯವರೆಗೆ ಯಾರೂ ಮುಟ್ಟಕೂಡದೆಂದು ಹಟ ಹಿಡಿದಿದ್ದಳು. ಅಷ್ಟರೊಳಗೆ ಡ್ರೈವಿನ ಗುಟ್ಟು ಬಲ್ಲವನೊಬ್ಬ ಬರಬೇಕಿತ್ತು.

ದುಗ್ಗ ಅರಮನೆಯ ಸಭೆಗೆ ಹೋದಾಗ ಇಬ್ಬರು ರಾಜಕುಮಾರರು ಮೀಸೆ ತಿರುವುತ್ತ ನಿಂತಿದ್ದರು.

“ಅಂಗಡಿಯವನು ಈ ಡ್ರೈವನ್ನು ಸಾವಿರ ಜಿಬಿ ಎಂದು ಕೊಟ್ಟ. ಒರೆಸಿ ಖಾಲಿ ಮಾಡಿದರೂ ಕಂಪ್ಯೂಟರ್ ತೋರಿಸುವುದು ಒಂಬೈನೂರ ಮೂವತ್ತೊಂದೇ. ಉಳಿದದ್ದೆಲ್ಲಿ?” ಎಂದಳು ತಿಲೋತ್ತಮೆ.

“ಅಂಗಡಿಯವನೇ ಕದ್ದ,” ಎಂದ ಒಬ್ಬ. “ವೈರಸ್ ತಿಂದಿತು,” ಎಂದ ಇನ್ನೊಬ್ಬ. ಇಬ್ಬರನ್ನೂ ಸೆರೆಮನೆಗೆ ತಳ್ಳಿದರು. ದುಗ್ಗ ಮುಂದೆ ಬಂದ.

“ಎಲ್ಲಿಗೂ ಹೋಗಿಲ್ಲ ಅಮ್ಮಣ್ಣಿ,” ಎಂದ. “ಅಳೆಯೋಕೆ ಕಂಪನಿಯವನದು ಚಿಕ್ಕ ಸೇರು, ಕಂಪ್ಯೂಟರಿನದು ದೊಡ್ಡ ಸೇರು. ರಾಶಿ ಒಂದೇ.”

“ಬಾಡಿಗೆಯವರು ಬರುವ ಮೊದಲೇ ಖಾಲಿ ಮನೆಯ ಮೂಲೆ ಹಿಡಿದು ಕೂತವರು ಯಾರು?” ಎಂದು ಅವಳು ಎರಡನೆಯ ಒಗಟು ಒಡ್ಡಿದಳು.

“ಡ್ರೈವಿನೊಳಗೆ ಯಾವ ಸಾಮಾನು ಎಲ್ಲಿದೆ ಅಂತ ನೆನಪಿಟ್ಕೊಳ್ಳೋ ಪಟ್ಟಿ. ಫಾರ್ಮ್ಯಾಟ್ ಮಾಡಿದ ಗಳಿಗೇಲೇ ಬಂದು ಜಾಗ ಹಿಡಿಯುತ್ತೆ.”

ತಿಲೋತ್ತಮೆ ಡ್ರೈವನ್ನು ಎದೆಗೊತ್ತಿಕೊಂಡಳು. “ಅಳಿಸಿದರೂ ಅಳಿಯದ್ದು ಯಾವುದು?”

“ಒಳಗಿದ್ದ ಹಾಡು! ಅಳಿದಿದ್ದು ಹಳೇ ಪಟ್ಟಿ ಮಾತ್ರ. ಚಿತ್ರದ ಮೇಲೆ ಸುಣ್ಣ ಬಳಿದ್ರೆ ಚಿತ್ರ ಕೆಳಗೇ ಇರುತ್ತಲ್ವಾ? ಕೆರೆದ್ರೆ ಸಿಗುತ್ತೆ. ಅದೇ ಜಾಗಕ್ಕೆ ಬೇರೆ ಏನನ್ನಾದ್ರೂ ತುಂಬಿದ್ರೆ ಮಾತ್ರ ಕತೆ ಮುಗೀತು.”

“ಏನನ್ನೂ ತುಂಬಗೊಡಲಿಲ್ಲ ನಾನು,” ಎಂದು ಅವಳು ಅತ್ತೇಬಿಟ್ಟಳು.

“ಬರೀ ಬಾಯಲ್ಲಿ ಹೇಳಿದರಾಯಿತೇ? ಹಾಡಿಸಿ ತೋರಿಸು,” ಎಂದು ರಾಜ ಗದರಿದ.

ದುಗ್ಗ ಕಂಪ್ಯೂಟರಿನ ಮುಂದೆ ಕೂತ. ಮಧ್ಯಾಹ್ನದ ಹೊತ್ತಿಗೆ ಸಭೆಯ ತುಂಬ ಜೋಗುಳ ಕೇಳಿಸಿತು. ನಡುವೆ ಹಾಡು ನಿಲ್ಲಿಸಿ ರಾಣಿ ಪಿಸುಗುಟ್ಟಿದಳು: “ಅಲ್ಲಾ ದೊರೆ, ಬಾಗಿಲು ಮೆಲ್ಲಗೆ ಹಾಕಬಾರದೆ? ಮಗು ಈಗ ತಾನೆ ಕಣ್ಣು ಮುಚ್ಚಿದೆ.”

ರಾಜ ಎದ್ದುಹೋಗಿ ಸಭೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಬಂದ. ಆಮೇಲೆ ಮಂತ್ರಿಯ ಕಿವಿಯಲ್ಲಿ, “ಸೆರೆಯವರನ್ನು ಬಿಡಿಸು. ಮದುವೆಗೆ ಚಪ್ಪರ ಹಾಕಿಸು. ಮೆಲ್ಲಗೆ, ಅವಳು ಹಾಡುತ್ತಿದ್ದಾಳೆ,” ಎಂದ.

ತಿಲೋತ್ತಮೆ ಕಣ್ಣೊರೆಸಿಕೊಂಡು ದುಗ್ಗನ ಪಕ್ಕದಲ್ಲೇ ಕೂತಳು. ಆ ಮದುವೆಯಲ್ಲಿ ಉಂಡವರ ಕೈಯಿಂದ ಹೋಳಿಗೆ ತುಪ್ಪದ ಘಮ ಇನ್ನೂ ಹೋಗಿಲ್ಲವಂತೆ.