ಎಲೆಯ ಬೆನ್ನಿನ ಬಾಯಿಗಳು

ಗುರುವೆಂದರೆ ಗಡ್ಡವಿರಲೇಬೇಕು ಅಂದುಕೊಂಡವರು ಹೊನ್ನಾಜಮ್ಮನನ್ನು ನೋಡಿಲ್ಲ.

ಹೊಳೆಯಂಚಿನ ಅವಳ ಆಶ್ರಮವೆಂದರೆ ಒಂದು ಗುಡಿಸಲು, ಒಂದು ಒರಳು, ಒಳಗೆ ಗೋಡೆಯಿಂದ ಗೋಡೆಗೆ ಕಟ್ಟಿದ ದಾರಗಳು. ದಾರಗಳ ತುಂಬ ಈರುಳ್ಳಿ ಸಿಪ್ಪೆಯಂಥ ತೆಳು ಪೊರೆಗಳು. ಗಾಳಿಯಿಲ್ಲದಾಗಲೂ ಅವು ಅಲುಗುತ್ತಿದ್ದವು.

ಅವಳ ಹತ್ತಿರ ಮದ್ದು ಕಲಿಯಲು ಬಂದು ಕೆಂಚಕ್ಕನಿಗೆ ಆರು ವರ್ಷವಾಗಿತ್ತು. ಈಗ ಕೆಂಚಕ್ಕನ ನಾಲ್ಕು ವರ್ಷದ ಮಗಳೇ ಆ ಗುಡಿಸಲೊಳಗೆ ಮೂರು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದಳು.

ಕೆಂಚಕ್ಕ ಓಡಿಹೋಗಿ ಜ್ವರದ ಸೊಪ್ಪು ಕಿತ್ತು ತಂದಳು. ಇನ್ನೇನು ಒರಳಿಗೆ ಹಾಕಬೇಕು, ಹೊನ್ನಾಜಮ್ಮ ಅಂಗೈ ಅಡ್ಡ ಹಿಡಿದಳು.

"ಇದು ಯಾವುದು?"

"ಜ್ವರದ ಸೊಪ್ಪು. ಆರು ವರ್ಷದಿಂದ ಕೀಳ್ತಿದ್ದೀನಿ, ಗೊತ್ತಾಗಲ್ವಾ?"

"ಹೇಗೆ ಗೊತ್ತಾಯ್ತು?"

"ಕಣ್ಣಿದೆ, ಮೂಗಿದೆ. ಅದೇ ಆಕಾರ, ಅದೇ ವಾಸನೆ."

"ಇದಕ್ಕೊಂದು ಅವಳಿ ಇದೆ ಕಣೇ. ಅದಕ್ಕೂ ಅದೇ ಆಕಾರ, ಅದೇ ವಾಸನೆ. ಅದು ಜ್ವರದ ಜೊತೆ ಉಸಿರನ್ನೂ ಇಳಿಸುತ್ತೆ. ಎಲೆಯ ಬೆನ್ನು ನೋಡಿದೆಯಾ?"

"ಮಗು ಸಾಯ್ತಿದೆ, ನಿಮಗೆ ಪಾಠದ ಹುಚ್ಚು!"

"ಅಚ್ಚು ತೆಗಿ, ಬಾಯಾಳಿ."

ಬೈಯುತ್ತಲೇ ಕೆಂಚಕ್ಕ ಎಲೆಯ ಬೆನ್ನಿಗೆ ಜಾಲಿಯ ಅಂಟು ಸವರಿ ಬಿಸಿಲಿಗಿಟ್ಟಳು. ಒಣಗಿದ ಅಂಟನ್ನು ಉಗುರಿನಿಂದ ಎಬ್ಬಿಸಿದಾಗ ಎಲೆಯ ಚರ್ಮದ ಅಚ್ಚು ಪೊರೆಯಾಗಿ ಎದ್ದು ಬಂತು. ತೂತು ಕೊರೆದ ತಗಡಿನಲ್ಲಿ ಒಂದು ಹನಿ ನೀರು ನಿಲ್ಲಿಸಿ, ಎಲ್ಲವನ್ನೂ ದೊಡ್ಡದು ಮಾಡಿ ತೋರುವ ಆ ಹನಿಯ ಮೂಲಕ ನೋಡಿದಳು.

ಬಾಯಿಗಳು. ಎಲೆ ಉಸಿರಾಡುವ ನೂರಾರು ಬಾಯಿಗಳು. ಮಾತಿನ ನಡುವೆ ಯಾರೋ ಕತ್ತು ಹಿಚುಕಿದಂತೆ ಅರ್ಧ ತೆರೆದು ನಿಂತಿದ್ದವು. ನಡುನಡುವೆ ಸೂಜಿಯಂಥ ರೋಮಗಳು.

"ನಿಜವಾದ ಜ್ವರದ ಸೊಪ್ಪಿನ ಅಚ್ಚು ಮೂಲೆಯ ದಾರದಲ್ಲಿದೆ. ಹೋಲಿಸು."

ಇಷ್ಟು ವರ್ಷ ಆ ದಾರ ಮುಟ್ಟಲು ಅಪ್ಪಣೆಯಿರಲಿಲ್ಲ. ಅದರಲ್ಲಿದ್ದದ್ದು ಎರಡೇ ಅಚ್ಚು. ಕೈಗೆ ಸಿಕ್ಕಿದ್ದನ್ನು ತಂದು ಹನಿಯಡಿ ಹಿಡಿದಳು.

"ಇದು ಯಾವ ಗಿಡ? ರೋಮವೇ ಇಲ್ಲ. ಉತ್ತ ಹೊಲದ ಹಾಗೆ ಬರೀ ಸಾಲುಗಳು. ಸಾಲಿನುದ್ದಕ್ಕೂ ಪುಟ್ಟ ಪುಟ್ಟ ಬಾಯಿ."

"ನೀನೇ ಹೇಳು. ಕಣ್ಣಿದೆ ಅಂದೆಯಲ್ಲ."

ಕೆಂಚಕ್ಕ ತಗಡು ಸರಿಸಿ ಬರಿಗಣ್ಣಿನಲ್ಲಿ ನೋಡಿದಳು. ಸುಳಿ. ಅನುಮಾನದಿಂದ ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು. ಅಚ್ಚು ಪೂರ್ತಿ ಮುಚ್ಚಿಹೋಯಿತು. ಅಷ್ಟು ಚಿಕ್ಕದು.

ಬೆರಳನ್ನು ತಟ್ಟನೆ ಹಿಂದೆಗೆದಳು.

"ಯಾರ ಬೆರಳಮ್ಮಾ ಇದು?"

"ನನ್ನ ಮಗಳದು. ಆವತ್ತು ನನಗೂ ಕಣ್ಣಿತ್ತು, ಮೂಗಿತ್ತು."

ಕೆಂಚಕ್ಕ ಆ ಚಿಕ್ಕ ಅಚ್ಚನ್ನು ಎರಡೂ ಕೈಯಲ್ಲಿ ಒಯ್ದು ದಾರಕ್ಕೆ ಮರಳಿಸಿದಳು. ಇನ್ನೊಂದು ಅಚ್ಚು ತಂದು ನೋಡಿದಳು. ಅದರ ರೋಮಗಳೆಲ್ಲ ಹಾವಿನ ನಾಲಿಗೆಯಂತೆ ಕವಲೊಡೆದಿದ್ದವು. ತಾನು ತಂದ ಎಲೆಯಲ್ಲಿ ಒಂದಕ್ಕೂ ಕವಲಿರಲಿಲ್ಲ.

ಸೊಪ್ಪನ್ನು ಬೆಂಕಿಗೆ ಹಾಕಿ, ಮೂರು ಸಲ ಕೈ ತೊಳೆದು, ಮತ್ತೆ ಹೊಳೆಯಂಚಿಗೆ ಓಡಿದಳು. ಈ ಸಲ ಪ್ರತಿ ಗಿಡದ ಮುಂದೆಯೂ ಮಂಡಿಯೂರಿ ಎಲೆ ಮಗುಚಿದಳು. ಮತ್ತೆ ಅಂಟು, ಮತ್ತೆ ಬಿಸಿಲು, ಮತ್ತೆ ಹನಿ. ಒಳಗೆ ಮಗುವಿನ ನರಳಾಟ ನಿಂತಂತೆ ಅನಿಸಿದಾಗಲೂ ಅಂಟು ಒಣಗುವ ತನಕ ಕದಲಲಿಲ್ಲ. ಕವಲು ಕಂಡ ಮೇಲೆಯೇ ಒರಳಿಗೆ ಕೈ ಹಾಕಿದಳು.

ಹೊತ್ತು ಇಳಿಯುವಾಗ ಮಗುವಿನ ಹಣೆ ಬೆವರಿತು. ಎದ್ದು ಕೂತು ಗಂಜಿ ಕೇಳಿತು. ಅರ್ಧ ಕುಡಿದು, ತಾಯಿಯ ಭುಜದಾಚೆ ನೋಡುತ್ತ ಹೇಳಿತು:

"ಅವ್ವಾ, ಆ ಮೂಲೇಲಿರೋ ಹುಡುಗಿಗೂ ಕೊಡು."

ಕೆಂಚಕ್ಕ ತಿರುಗಿದಳು. ಮೂಲೆಯಲ್ಲಿ ದಾರ ಬಿಟ್ಟರೆ ಏನೂ ಇರಲಿಲ್ಲ. ಅದರಲ್ಲಿ ಚಿಕ್ಕ ಅಚ್ಚೊಂದೇ ಮೆಲ್ಲಗೆ ತೂಗುತ್ತಿತ್ತು.

ಹೊನ್ನಾಜಮ್ಮ ತಿರುಗಿ ನೋಡಲೂ ಇಲ್ಲ. ಇನ್ನೊಂದು ಬಟ್ಟಲಿಗೆ ಗಂಜಿ ಬಗ್ಗಿಸಿ ಮೂಲೆಯಲ್ಲಿಟ್ಟು ಬಂದಳು.

ಬೆಳಗಿನ ವಿಷದೆಲೆಯ ಅಚ್ಚು ಒರಳಿನ ಪಕ್ಕ ಹಾಗೇ ಉಳಿದಿತ್ತು. ಕೆಂಚಕ್ಕ ಅದನ್ನು ಎತ್ತಿಕೊಂಡಳು.

"ಅಮ್ಮಾ, ಇದನ್ನೂ ಬೆಂಕಿಗೆ ಹಾಕಲಾ?"

"ಬೇಡ," ಎಂದಳು ಹೊನ್ನಾಜಮ್ಮ. "ಅವಳ ಪಕ್ಕದಲ್ಲಿ ನೇತುಹಾಕು. ಇಬ್ಬರಿಗೂ ಪರಿಚಯವಿದೆ."