ಅರ್ಧ ಗಂಟೆ ಇಳಿಯದ ಪೂರಿ

ಹೋಟೆಲಿನ ಹೊಸ ಮೆನುವಿಗೆ ಫೋಟೋ ತೆಗೆಯಬೇಕಿದ್ದ ನಿರಂಜನ ಹಿಂದಿನ ದಿನವೇ ಬಂದು ತನ್ನ ಪಟ್ಟಿ ಓದಿದ.

"ಪೂರಿ ಅರ್ಧ ಗಂಟೆ ಉಬ್ಬಿಕೊಂಡೇ ಇರಬೇಕು. ಇಳಿದರೆ ಪ್ಲಾಸ್ಟಿಕ್ ಪೂರಿ ಇಟ್ಟು ತೆಗೀತೀನಿ."

ಮಾಲೀಕರ ಮುಖ ಸಪ್ಪಗಾಯಿತು. ಜನ ಅಲ್ಲಿಗೆ ಬರುತ್ತಿದ್ದುದೇ ಆ ಪೂರಿಗಾಗಿ. ಅಡುಗೆಯಾಕೆ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು, "ಆಗಲಿ ಸ್ವಾಮಿ. ಬೆಳಗ್ಗೆ ತಿಂಡಿ ಹೊತ್ತಿಗೇ ಬನ್ನಿ. ನಿಮ್ಮ ಮೇಜು ಅಡುಗೆಮನೆ ಬಾಗಿಲ ಪಕ್ಕದಲ್ಲೇ ಇರಲಿ" ಎಂದಳು.

ಮರುದಿನ ನಿರಂಜನ ಬಗ್ಗಿ ದೀಪ ಸರಿಸಿದ, ತೆಗೆದ ಫೋಟೋಗಳನ್ನು ಪರದೆಯಲ್ಲಿ ನೋಡಿದ. ತಲೆಯೆತ್ತಿದಾಗಲೆಲ್ಲ ಪೂರಿ ಚೆಂಡಿನಂತೆ ಉಬ್ಬಿಕೊಂಡೇ ಕೂತಿತ್ತು. ಹತ್ತು ನಿಮಿಷ. ಇಪ್ಪತ್ತು. ಮೂವತ್ತು! ಅವನು ಅಡುಗೆಮನೆ ಬಾಗಿಲತ್ತ ತಿರುಗಿದ.

"ಅಮ್ಮಾ, ಹಿಟ್ಟಿಗೆ ಏನು ಹಾಕಿದ್ರಿ?"

"ಉಪ್ಪು" ಎಂದು ಆಕೆ ಅವನ ಹಿಂದೆ ಕೈ ತೋರಿಸಿದಳು. ಗಿರಾಕಿಗಳೆಲ್ಲ ಪೂರಿ ಮೆಲ್ಲುತ್ತಿದ್ದರು. "ನೀವು ತಲೆ ಬಗ್ಗಿಸಿದಾಗಲೆಲ್ಲ ಬಿಸಿ ಪೂರಿ ಇಟ್ಟೆ. ಇದ್ದದ್ದನ್ನ ಅವರಿಗೆ ಬಡಿಸಿದೆ."

ಅವನು ಫೋಟೋಗಳನ್ನು ಒಂದೊಂದಾಗಿ ನೋಡಿದ. ಪೂರಿ ಎಲ್ಲಿ ಬದಲಾಯಿತೋ ಅವನ ಕಣ್ಣಿಗೇ ಸಿಗಲಿಲ್ಲ. ಎಲ್ಲವೂ ಅಷ್ಟೇ ಗುಂಡಗೆ, ಅದೇ ಬಣ್ಣ. ಕೈ ಮುಗಿದ.

"ನನಗೂ ಒಂದು ಪ್ಲೇಟ್ ಕೊಡಿ ತಾಯಿ."

"ಕೂತ್ಕೊಳ್ಳಿ. ಆದ್ರೆ ಬಂದ ತಕ್ಷಣ ತಿನ್ನಬೇಕು. ಪೂರಿ ಯಾರಿಗೂ ಕಾಯಲ್ಲ, ಸ್ವಾಮಿ."